ಪಾಲಿಕೆ ಎರಡಾದರೆ ಕಚೇರಿಗಳು ಒಂದಾಗುವವೇ?



1962ರಲ್ಲಿ ಒಂದುಗೂಡಿದ ಹುಬ್ಬಳ್ಳಿ-ಧಾರವಾಡಗಳನ್ನು ಬೇರ್ಪಡಿಸಿ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ರಚಿಸಲು 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟವು ಸಮ್ಮತಿಸಿತು. ಧಾರವಾಡದವರ ಅಸಮಾಧಾನ ನಿರಾಧಾರವಾದುದಲ್ಲ. ಆದರೆ ರೋಗ ಬೇರೆ, ಔಷಧ ಬೇರೆ ಆಗಿದೆಯೆಂಬುದೇ ನಮ್ಮ ಆಕ್ಷೇಪ.

ಮೊನ್ನೆ ಡಾಂಬರು ಕಂಡ ಬೀದಿಯನ್ನು ಇಂದು ಅಗೆದರೆ ತಾವು ದೂರನ್ನು ಎಲ್ಲಿಗೆ ಒಯ್ಯುವಿರಿ? ರಸ್ತೆ ಪಾಲಿಕೆಯದು, ಬಡಾವಣೆಯ ನಕ್ಷೆ ನಗರಾಭಿವೃದ್ಧಿ ಪ್ರಾಧಿಕಾರದ್ದು, ಕಂಬ ಹೆಸ್ಕಾಂನದು. ನೀರಿನ ಕೊಳವೆಗೆ ಈ ಹಿಂದೆ ಬೇರೊಂದು ಮಂಡಳಿಯಿತ್ತು; ಸ್ಮಾರ್ಟ್ ಸಿಟಿಗೆ ಬೇರೊಂದು ಕಂಪನಿ. 2020ರಲ್ಲಿ ಉಪರಾಷ್ಟ್ರಪತಿಗಳು ಉದ್ಘಾಟಿಸಿದ ಬಿ.ಆರ್.ಟಿ.ಎಸ್. ಮಾರ್ಗಕ್ಕೆ ಮತ್ತೊಂದು ಕಂಪನಿ; ಅದರ ಮೇಲೆ ಬಸ್ಸು ಓಡಿಸುವುದು ವಾಯವ್ಯ ಸಾರಿಗೆ ಸಂಸ್ಥೆ. ಧಾರವಾಡದ ಟೋಲ್ ನಾಕಾದಲ್ಲಿ ಮಳೆನೀರು ಕೆರೆಯಂತೆ ನಿಂತಾಗ, ಅದು ಯಾರ ನೀರೆಂಬ ಚರ್ಚೆ ಮೊದಲು, ಹರಿದುಹೋಗುವ ದಾರಿ ಆಮೇಲೆ! ತೇರಿನ ಹಗ್ಗಗಳನ್ನು ನಾಲ್ಕು ದಿಕ್ಕಿಗೆ ಎಳೆದರೆ ತೇರು ಸಾಗೀತೇ?

ಇದಕ್ಕೆ ಸರಕಾರದ ಉತ್ತರ ಸಮನ್ವಯ ಸಭೆ. ಸಭೆಗೆ ಅಧಿಕಾರಿಗಳು ಬರುತ್ತಾರೆ, ಚಹಾ ಬರುತ್ತದೆ, ನಡವಳಿಯೂ ಸಿದ್ಧವಾಗುತ್ತದೆ. ಆದರೆ ಪ್ರತಿಯೊಬ್ಬರ ಹಣವೂ ಬಡ್ತಿಯೂ ಅವರವರ ಮೇಲಧಿಕಾರಿಗಳ ಕೈಯಲ್ಲಿರುವಾಗ ಆ ನಡವಳಿಗೆ ಯಾರು ಅಂಜುವರು?

2008ರಲ್ಲಿ ಇದೇ ಅವಳಿ ನಗರದ ಆಯ್ದ ವಾರ್ಡುಗಳಿಗೆ ದಿನವಿಡೀ ನೀರು ಬಂದಿತು. ಉಳಿದ ಬಡಾವಣೆಗಳು ಹಲವು ದಿನಗಳಿಗೊಮ್ಮೆ ಬರುವ ನೀರಿಗಾಗಿ ಕಾಯುತ್ತಿದ್ದ ಕಾಲವದು. ಆ ವಾರ್ಡುಗಳಲ್ಲಿ ನೀರಿನ ತೊಟ್ಟಿಯಿಂದ ಮನೆಯ ನಲ್ಲಿಯವರೆಗೆ ಹೊಣೆ ಒಬ್ಬರದೇ ಆಗಿತ್ತು. ಆ ಒಬ್ಬರು ಖಾಸಗಿ ಕಂಪನಿಯವರಾಗಿದ್ದರೆಂಬುದು ಬೇರೆ ಮಾತು. ಅದನ್ನೇ ಹಿಡಿದು ಖಾಸಗೀಕರಣದ ಗುಣಗಾನ ಮಾಡುವವರೊಡನೆ ನಮಗೆ ಸಹಮತವಿಲ್ಲ. ಆ ಹೊಣೆ ಚುನಾಯಿತ ಪಾಲಿಕೆಗೇ ಸಲ್ಲತಕ್ಕದ್ದು. ನಗರ ಯೋಜನೆ, ರಸ್ತೆ, ನೀರು ಮೊದಲಾದ 18 ವಿಷಯಗಳನ್ನು ನಗರಸಂಸ್ಥೆಗಳಿಗೆ ವಹಿಸಬಹುದೆಂದು 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯೇ ಹೇಳುತ್ತದೆ. ರಾಜ್ಯವು ಅಧಿಕಾರವನ್ನು ಮಂಡಳಿ, ಪ್ರಾಧಿಕಾರ, ಕಂಪನಿಗಳಿಗೆ ಹಂಚಿಟ್ಟು, ಬೈಗುಳವನ್ನು ಮಾತ್ರ ಪಾಲಿಕೆಗೆ ಬಿಟ್ಟಿತು. ಅದೂ ಸಾಲದೆಂಬಂತೆ 2019ರಿಂದ ಸುಮಾರು ಮೂರು ವರ್ಷ ಈ ನಗರಕ್ಕೆ ಮಹಾಪೌರರೇ ಇರಲಿಲ್ಲ.

‘ಪಾಲಿಕೆಗೆ ಯೋಗ್ಯತೆ ಎಲ್ಲಿದೆ?’ ಎನ್ನುವವರುಂಟು. ಕೆಲಸವನ್ನೇ ಕೊಡದೆ ಯೋಗ್ಯತೆಯನ್ನು ಅಳೆಯುವ ಬಗೆ ಯಾವುದು? ಅಯೋಗ್ಯ ಸದಸ್ಯನನ್ನು ಮತದಾರ ಮನೆಗೆ ಕಳಿಸಬಲ್ಲ. ಕಂಪನಿಯ ನಿರ್ದೇಶಕನನ್ನು ಕಳಿಸಬಲ್ಲನೇ?

ಮಠದ ಪ್ರಸಾದನಿಲಯದಲ್ಲಿದ್ದು ಓದಿ, ಇಂದು ಈ ಕಚೇರಿಗಳಲ್ಲಿ ಎಂಜಿನಿಯರರಾಗಿರುವ ಹಳೆಯ ವಿದ್ಯಾರ್ಥಿಗಳು ಅನೇಕರಿದ್ದಾರೆ. ಕಾನೂನಿನ ತಿದ್ದುಪಡಿಗಾಗಿ ಅವರು ಕಾಯಬೇಕಿಲ್ಲ. ಮುಂದಿನ ವರ್ಷ ತಮ್ಮ ಇಲಾಖೆ ಎಲ್ಲೆಲ್ಲಿ ಅಗೆಯಲಿದೆಯೆಂಬ ಪಟ್ಟಿಯನ್ನು ಟೆಂಡರಿಗೆ ಮುನ್ನವೇ ಪಾಲಿಕೆಯ ಮುಂದಿಡಲಿ, ವಾರ್ಡಿನ ಜನರಿಗೂ ತೋರಿಸಲಿ.