ಕಾದ ದಿನಗಳಿಗೂ ಒಂದು ಪಟ್ಟಿ ಎಳೆಯೋಣ

ಪ್ರಾಜೆಕ್ಟ್ ವರದಿ ಬರೆದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಲ್ಲ ಗ್ಯಾಂಟ್ ಚಾರ್ಟ್ ಗೊತ್ತು. ಯಾವ ಕೆಲಸ ಯಾವಾಗ ಶುರುವಾಗಿ ಯಾವಾಗ ಮುಗಿಯಿತು ಎಂದು ಅಡ್ಡಪಟ್ಟಿಗಳಲ್ಲಿ ತೋರಿಸುವ ಚಿತ್ರವದು. ವರದಿಯ ಒಂದು ಪುಟ ತುಂಬಿತು, ಗೈಡ್ ಸಹಿ ಬಿತ್ತು ಎಂದರೆ ಅದರ ಕಥೆ ಮುಗಿಯಿತು. ಇಷ್ಟು ಒಳ್ಳೆಯ ಸಾಧನವನ್ನು ಅಷ್ಟಕ್ಕೇ ಬಿಡಬಾರದು ಎನ್ನುವುದು ನನ್ನ ಅಭಿಪ್ರಾಯ.

ಸಾಮಾನ್ಯ ಬಾರ್ ಚಾರ್ಟ್ ‘ಎಷ್ಟು’ ಎಂದಷ್ಟೇ ಹೇಳುತ್ತದೆ. ಕಾಲರೇಖೆಯ ಪಟ್ಟಿ ‘ಯಾವಾಗಿನಿಂದ ಯಾವಾಗಿನವರೆಗೆ’ ಎಂದೂ ಹೇಳುತ್ತದೆ. 1765ರಲ್ಲೇ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಹೆಸರಾಂತ ವ್ಯಕ್ತಿಗಳ ಜೀವಿತಾವಧಿಯನ್ನು ಹೀಗೆ ಗೆರೆಗಳಲ್ಲಿ ತೋರಿಸಿದ್ದರು. ಕಾಯುವಿಕೆಯನ್ನು ಕಣ್ಣಿಗೆ ಕಾಣುವಂತೆ ಮಾಡಲು ಇದಕ್ಕಿಂತ ಸರಳ ದಾರಿಯಿಲ್ಲ.

ನಮ್ಮ ಉಗಾರ ಖುರ್ದ ಕೃಷ್ಣಾ ತೀರದ ಕಬ್ಬಿನ ಊರು. ಹಂಗಾಮು ಶುರುವಾದರೆ ‘ಬಿಲ್ ಬಂತೇನ್ರಿ?’ ಎಂಬುದೇ ರೈತರ ಮಾತು. ಬೇರೆ ಲಿಖಿತ ಒಪ್ಪಂದವಿಲ್ಲದಿದ್ದರೆ, ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವಾರ್ಷಿಕ ಶೇ 15ರಷ್ಟು ಬಡ್ಡಿ ಸೇರಿಸಬೇಕು ಎನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ತೂಕದ ಚೀಟಿ ಮತ್ತು ಬ್ಯಾಂಕ್ ಪಾಸ್‌ಬುಕ್, ಇವೆರಡರಲ್ಲೇ ಬೇಕಾದ ದಿನಾಂಕಗಳಿವೆ.

‘ಆರ್’ ಎಂಬ ಉಚಿತ ತಂತ್ರಾಂಶ ಮತ್ತು ಅದರ ಜಿಜಿಪ್ಲಾಟ್2 ಪ್ಯಾಕೇಜ್ ಇದ್ದರೆ ಸಾಕು. ರೈತರಿಗೆ ಒಂದೊಂದು ಸಾಲು. ಕಬ್ಬು ತೂಗಿದ ದಿನ, ಹಣ ಜಮೆಯಾದ ದಿನ ಎಂದು ಎರಡು ಕಾಲಂ. ಎರಡರ ನಡುವೆ ಪಟ್ಟಿ. ಮೊದಲ 14 ದಿನ ಹಸಿರು, ಆಮೇಲಿನದು ಕೆಂಪು. ದಿನ, ತಿಂಗಳು, ವರ್ಷ ಎಂಬ ಕ್ರಮವನ್ನು ಮೊದಲೇ ತಿಳಿಸಿರಬೇಕು. ಇಲ್ಲದಿದ್ದರೆ 05/11 ಎಂಬುದು ನವೆಂಬರ್ 5ರ ಬದಲು ಮೇ 11 ಆಗಿಬಿಡಬಹುದು.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹಣ ಇನ್ನೂ ಬಾರದ ರೈತನ ಎರಡನೇ ಕಾಲಂ ಖಾಲಿ ಇರುತ್ತದೆ. ಮುಗಿದ ದಿನವಿಲ್ಲದ ಸಾಲನ್ನು ತಂತ್ರಾಂಶ ಒಂದು ಸಣ್ಣ ಎಚ್ಚರಿಕೆ ಕೊಟ್ಟು ಚಿತ್ರದಿಂದ ಕೈಬಿಡುತ್ತದೆ. ಅಂದರೆ, ಇನ್ನೂ ಕಾಯುತ್ತಿರುವವನೇ ಕಾಣೆ! ಹಣ ಬಂದವರದ್ದಷ್ಟೇ ಸರಾಸರಿ ತೆಗೆದರೂ ಇದೇ ಕಥೆ. ಆದ್ದರಿಂದ ಖಾಲಿ ಜಾಗದಲ್ಲಿ ಇವತ್ತಿನ ದಿನಾಂಕ ಹಾಕಿ, ಪಟ್ಟಿಯ ತುದಿಗೆ ‘ಇನ್ನೂ ಬಾಕಿ’ ಎಂಬ ಬಾಣದ ಗುರುತು ಇಡಬೇಕು.

ಕೆಲಸ ಹುಡುಕುವ ನಮ್ಮಂಥವರ ಪಾಡೂ ರೈತರಿಗಿಂತ ಬೇರೆಯಲ್ಲ. ರಾಜ್ಯದ 545 ಪಿಎಸ್‌ಐ ಹುದ್ದೆಗಳಿಗೆ ಲಿಖಿತ ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್ 3ರಂದು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. 545 ಎಂಬ ಸಂಖ್ಯೆ ಎಲ್ಲರ ಬಾಯಲ್ಲೂ ಇತ್ತು. ಪ್ರಾಮಾಣಿಕವಾಗಿ ಓದಿದವರು ಕಾದ 27 ತಿಂಗಳಿಗೂ ಹೆಚ್ಚಿನ ಕಾಲವನ್ನು ಆ ಸಂಖ್ಯೆ ಹೇಳುವುದಿಲ್ಲ. ಅದರ ಪಟ್ಟಿ ಎಳೆದು, ಕೆಳಗೆ ಅಭ್ಯರ್ಥಿಯ ವಯೋಮಿತಿಯ ಪಟ್ಟಿಯನ್ನೂ ಇಟ್ಟು ನೋಡಿ. ನಷ್ಟ ಎಲ್ಲಾಯಿತೆಂದು ಯಾರೂ ವಿವರಿಸಬೇಕಿಲ್ಲ.

ಚಾರ್ಟ್ ಎಳೆದ ಮಾತ್ರಕ್ಕೆ ಬಿಲ್ ಬರುವುದಿಲ್ಲ, ನೇಮಕಾತಿ ಆದೇಶವೂ ಬರುವುದಿಲ್ಲ, ನಿಜ. ಆದರೆ ‘ಬಹಳ ತಡವಾಯಿತು’ ಎಂಬ ಮನವಿಗೆ ‘ನೋಡೋಣ’ ಎಂಬ ಉತ್ತರ ಸಿಗುತ್ತದೆ. ದಿನಾಂಕ ಸಹಿತ ಪಟ್ಟಿಯನ್ನು ಮುಂದಿಟ್ಟರೆ ಹಾಗೆ ಜಾರಿಕೊಳ್ಳುವುದು ಕಷ್ಟ. ಕಾಲೇಜುಗಳು ಇಂಥದ್ದನ್ನು ಮಿನಿ ಪ್ರಾಜೆಕ್ಟ್ ಎಂದು ಒಪ್ಪಿಕೊಳ್ಳಲಿ. ಈ ಹಂಗಾಮಿನಲ್ಲಿ ನಿಮ್ಮ ಓಣಿಯ ಹತ್ತು ಮನೆಗಳ ತೂಕದ ಚೀಟಿಗಳಿಂದಲೇ ಶುರು ಮಾಡಬಹುದು.