ಅಳತೆ ಒಂದೇ, ಅಗತ್ಯ ಬೇರೆ

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಪಡಿತರವನ್ನು ಜನರ ಹಕ್ಕಾಗಿಸಿತು. ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕಿಲೊ, ಕಡುಬಡವರೆಂದು ಗುರುತಿಸಿದ ಅಂತ್ಯೋದಯ ಕುಟುಂಬಕ್ಕೆ 35 ಕಿಲೊ ಧಾನ್ಯ ಎಂಬುದು ಅದರ ಲೆಕ್ಕ. ಇದರಂತೆ ಎಂಟು ಜನರ ಅಂತ್ಯೋದಯ ಕುಟುಂಬಕ್ಕೆ ಸಿಗುವುದು 35 ಕಿಲೊ. ಅಷ್ಟೇ ಜನರ ಆದ್ಯತಾ ಕುಟುಂಬಕ್ಕೆ 40. ಕಡುಬಡವರಿಗೆಂದೇ ಹಾಕಿದ ಅಳತೆ ಅವರಲ್ಲಿನ ದೊಡ್ಡ ಸಂಸಾರಗಳಿಗೆ ಕಡಿಮೆ ಅಳೆಯುತ್ತದೆ. ಅಗತ್ಯ ಅರಿಯದೆ ಪ್ರಮಾಣ ನಿಗದಿಪಡಿಸಿದರೆ ಆಗುವುದೇ ಹೀಗೆ. ಧಾನ್ಯದಿಂದ ಹೊಟ್ಟೆ ತುಂಬಿದರೂ ಬಾಣಂತಿಗೆ, ಬೆಳೆಯುವ ಮಗುವಿಗೆ ಬೇಳೆ, ಸೊಪ್ಪು, ಮೊಟ್ಟೆ ಬೇಕು. ಹಳೆ ಮೈಸೂರಿನವರಿಗೆ ರಾಗಿ, ಉತ್ತರ ಕರ್ನಾಟಕದವರಿಗೆ ಜೋಳ ಒಗ್ಗಿದ ಊಟ. ವಲಸೆ ಕಾರ್ಮಿಕರಿಗೆ ಅಕ್ಕಿಯ ಜೊತೆ ಅಡುಗೆಯ ಇಂಧನವೂ ಬೇಕು. ದುಡಿದು ಬೆರಳು ಸವೆದ ವೃದ್ಧರಿಗೆ, ಬೆರಳಚ್ಚು ಹೊಂದಿಕೆಯಾಗದಿದ್ದರೂ ಪಡಿತರ ತಪ್ಪದ ವ್ಯವಸ್ಥೆ ಬೇಕು.

ಗುಂಪಿಗೊಂದು ನಿಯಮ ಮಾಡಿದರೆ ಆಡಳಿತ ಜಟಿಲವಾಗುತ್ತದೆ, ಸೋರಿಕೆ ಹೆಚ್ಚುತ್ತದೆ ಎಂಬ ಆಕ್ಷೇಪವಿದೆ. ಈ ಆತಂಕ ಸುಳ್ಳಲ್ಲ. ಆದರೆ ಇದೇ ಕಾಯ್ದೆ ಗರ್ಭಿಣಿಯರು, ಬಾಣಂತಿಯರು ಮತ್ತು ಮಕ್ಕಳಿಗೆ ಪ್ರತ್ಯೇಕ ಆಹಾರದ ಹಕ್ಕು ನೀಡಿದೆ. ಅಂಗನವಾಡಿ, ಶಾಲೆಗಳ ಮೂಲಕ ಅದು ಜಾರಿಯಲ್ಲೂ ಇದೆ. ಬೇರೆ ಬೇರೆ ಅಗತ್ಯಗಳನ್ನು ಗುರುತಿಸಿ ಪೂರೈಸುವುದು ಆಗದ ಕೆಲಸವಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಸೋರಿಕೆ ತಡೆಗೆ ಸಾಮಾಜಿಕ ಲೆಕ್ಕಪರಿಶೋಧನೆಯನ್ನೂ ಜಾಗೃತಿ ಸಮಿತಿಗಳನ್ನೂ ಕಾಯ್ದೆಯೇ ಸೂಚಿಸಿದೆ. ಆ ಸಮಿತಿಗಳಲ್ಲಿ ಪರಿಶಿಷ್ಟರು, ಮಹಿಳೆಯರು, ನಿರ್ಗತಿಕರು, ಅಂಗವಿಕಲರಿಗೆ ಸ್ಥಾನವಿರಬೇಕೆಂದೂ ವಿಧಿಸಿದೆ. ಪಡಿತರದ ಬಗ್ಗೆ ತೀರ್ಮಾನಿಸುವ ಮುನ್ನ ಸರ್ಕಾರ ಈ ಸಮಿತಿಗಳನ್ನು ಕೇಳಲಿ. ಉಣ್ಣುವವರ ಮಾತಿಗೆ ಬೆಲೆ ಸಿಕ್ಕಾಗಲೇ ಹಕ್ಕು ಪೂರ್ಣವಾಗುವುದು.