ಬಂಡೆಯ ಎದುರು ನಿಂತವರು

1791ರ ಡಿಸೆಂಬರ್ 21ರಂದು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ಮಾಗಡಿ ಬಳಿ ಮೈಸೂರಿನ ಟಿಪ್ಪು ಸುಲ್ತಾನನ ವಶದಲ್ಲಿದ್ದ ಬಂಡೆಕೋಟೆ ಸಾವನದುರ್ಗವನ್ನು ಹತ್ತಿ ಹಿಡಿಯಿತು. ಮೂರು ವರ್ಷ ತುಂಬುವಷ್ಟರಲ್ಲಿ ಆ ಬಂಡೆ ಚಿತ್ರವಾಗಿ ಲಂಡನ್ನಿನಲ್ಲಿ ಅಚ್ಚಾಗಿ ಉಳ್ಳವರ ಮನೆ ಸೇರಿತು. ರಾಬರ್ಟ್ ಹೋಮ್, ಅಲೆಕ್ಸಾಂಡರ್ ಅಲನ್, ರಾಬರ್ಟ್ ಹೈಡ್ ಕೋಲ್‌ಬ್ರೂಕ್ ಈ ಮೂವರ ಮೈಸೂರು ಚಿತ್ರಸಂಪುಟಗಳೂ ಬಂದದ್ದು 1794ರ ಆಸುಪಾಸಿನಲ್ಲೇ.

ಒರಟು ಗುಡ್ಡ, ಪಾಳುಗೋಡೆ, ಸೊಟ್ಟ ಮರ ಕಂಡರೆ ಇಂಗ್ಲೆಂಡಿನ ರಸಿಕರು ಮೈಮರೆಯುತ್ತಿದ್ದ ಕಾಲ ಅದು. ರೊಮ್ಯಾಂಟಿಕ್ ಯುಗದ ಬಾಗಿಲು ತೆರೆಯುತ್ತಿತ್ತು. ನಮ್ಮ ಬಯಲುಸೀಮೆಯ ಏಕಶಿಲಾ ಬೆಟ್ಟಗಳು ಆ ಅಭಿರುಚಿಗೆ ಹೇಳಿ ಮಾಡಿಸಿದಂತಿದ್ದವು. ಚಿತ್ರಗಳು ಚೆನ್ನಾಗಿವೆ, ಅದರಲ್ಲಿ ತಕರಾರಿಲ್ಲ.

ಆದರೆ ಬರೆದವರು ಯಾರು? ಹೋಮ್ ವೃತ್ತಿ ಕಲಾವಿದ, ಸೈನ್ಯದ ಜೊತೆಗೇ ನಡೆದವನು. ಕೋಲ್‌ಬ್ರೂಕ್ ಸರ್ವೇಯರ್, ಮುಂದೆ ಬಂಗಾಳದ ಸರ್ವೇಯರ್ ಜನರಲ್ ಆದ. ಅಲನ್ ಸೇನಾಧಿಕಾರಿ. ಆಗ ಚಿತ್ರಕಲೆ ಸೈನಿಕ ಶಿಕ್ಷಣದ ಪಾಠವೇ ಆಗಿತ್ತು. ಇಂಗ್ಲೆಂಡಿನ ವುಲಿಚ್‌ನಲ್ಲಿ ಫಿರಂಗಿ ದಳಕ್ಕೆ ಸೇರುವ ಹುಡುಗರಿಗೆ 1768ರಿಂದ 1796ರವರೆಗೆ ಚಿತ್ರ ಕಲಿಸಿದವನು ಹೆಸರಾಂತ ನಿಸರ್ಗ ಚಿತ್ರಕಾರ ಪಾಲ್ ಸ್ಯಾಂಡ್‌ಬಿ. ಇಳಿಜಾರು ಎಲ್ಲಿದೆ, ಗೋಡೆ ಎಲ್ಲಿ ತಗ್ಗಿದೆ ಎಂದು ಅಳೆಯಲು ಪಳಗಿದ ಕಣ್ಣಿಗೇ ಸೊಬಗೂ ಕಂಡಿತು. ಬೆಟ್ಟ ಚೆನ್ನಾಗಿ ಕಾಣುವ ಜಾಗ ಎಷ್ಟೋ ಸಲ ಫಿರಂಗಿ ಹೂಡಲೂ ಒಳ್ಳೆಯ ಜಾಗ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಮಕ್ಕಳನ್ನು ಒಪ್ಪಿಸಿದ ದೃಶ್ಯವನ್ನೂ ಬರೆದವನು ಇದೇ ಹೋಮ್. ಆದರೆ ಬೆಂಗಳೂರು, ಸಾವನದುರ್ಗ, ನಂದಿದುರ್ಗ ಮರಳಿ ಟಿಪ್ಪುವಿನ ಕೈಗೇ ಬಂದವು. ಎಂದರೆ ಲಂಡನ್ನಿನ ಓದುಗ ಪುಟ ತಿರುವಿ ನೋಡುತ್ತಿದ್ದ ಈ ಬೆಟ್ಟಗಳು ಅವನ ದೇಶದವರ ಸ್ವತ್ತಾಗಿರಲಿಲ್ಲ. ಒಪ್ಪಂದ ಹಿಂದಿರುಗಿಸಿದ್ದನ್ನು ಚಿತ್ರ ಹಿಂದಿರುಗಿಸಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಇಂಗ್ಲಿಷರ ವಶವಾದ ದಿನ ಬಿಳಿ ಬಾವುಟ ಹಿಡಿದು ಟಿಪ್ಪುವಿನ ಅರಮನೆಗೆ ಹೋದ ಮೇಜರ್ ಅಲನ್, ಹಿಂದೆ ಇಲ್ಲಿನ ಬೆಟ್ಟಗಳನ್ನು ಬರೆದ ಅಲನ್ನೇ.

ಇದರ ಎದುರಿಗೆ ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಗೋಡೆಯನ್ನು ನೆನೆಯಬೇಕು. ಮೈಸೂರು ಸೈನ್ಯ ಇಂಗ್ಲಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಕಾಳಗದ ಆ ಚಿತ್ರದಲ್ಲಿ ನೆಲಕ್ಕಿಂತ ಜನವೇ ಜಾಸ್ತಿ: ಕುದುರೆಗಳ ಸಾಲು, ಸಿಡಿದ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕುಳಿತ ಇಂಗ್ಲಿಷ್ ಸೇನಾನಿ ಕರ್ನಲ್ ಬೇಲಿ. ಗೆದ್ದವರಾರು, ಸೋತವರಾರು ಎಂಬುದರಲ್ಲಿ ಗುಟ್ಟಿಲ್ಲ. ಅದನ್ನು ಯಾರೂ ಬರೀ ಚೆಂದದ ನೋಟವೆಂದು ನೋಡುವುದಿಲ್ಲ. ಹೋಮ್, ಕೋಲ್‌ಬ್ರೂಕರ ಹಾಳೆಗಳಿಗೆ ಹಾಗೆ ಬರೀ ನೋಟವೆನಿಸಿಕೊಳ್ಳುವ ಸೌಲಭ್ಯ ಸಿಕ್ಕಿತು. ಊರಿನ ಜನ ಅಲ್ಲಿ ಬೆಟ್ಟದ ಎತ್ತರ ತೋರಿಸಲು ನಿಂತ ಚುಕ್ಕೆಗಳಾದರು. ಎರಡು ಶತಮಾನದ ನಂತರ ನಾವೇ ಅವನ್ನು ಕ್ಯಾಲೆಂಡರಿಗೂ ಹೋಟೆಲಿನ ಗೋಡೆಗೂ ಹಾಕಿಕೊಂಡೆವು. ಹಾಕಬಾರದೆಂದು ನಾನು ಹೇಳುವುದಿಲ್ಲ. ಆ ಕಾಲದ ಕೋಟೆಗಳು ಹೇಗಿದ್ದವೆಂದು ತಿಳಿಯಲು ಇವಕ್ಕಿಂತ ಒಳ್ಳೆಯ ಸಾಕ್ಷಿಗಳು ಕಡಿಮೆ.

ಈ ಸಂಚಿಕೆಯಲ್ಲಿ ಅಂಥ ಕೆಲವು ಚಿತ್ರಗಳಿವೆ. ಪ್ರತಿಯೊಂದರ ಅಡಿಯಲ್ಲಿ ಬೆಟ್ಟದ ಹೆಸರಿನ ಜೊತೆಗೆ ಬರೆದವನ ಹುದ್ದೆಯನ್ನೂ, ಆ ವರ್ಷ ಬೆಟ್ಟ ಯಾರ ವಶದಲ್ಲಿತ್ತು ಎಂಬುದನ್ನೂ ಅಚ್ಚು ಹಾಕಿದ್ದೇವೆ.